ಡಬ್ಬಿಯ ತಳದಲ್ಲಿ ಉಳಿಸಿದ ಒಂದು ಹಿಡಿ ಕಪ್ಪು ಪುಡಿ

2022ರಲ್ಲಿ ನಾನು ಹೊಸಪೇಟೆಯ ಕೈಗಾರಿಕಾ ಪ್ರದೇಶದಲ್ಲಿರುವ ಒಂದು ಸಿರಾಮಿಕ್ ಕಾರ್ಖಾನೆಯ ಸಂಶೋಧನಾ ಲ್ಯಾಬಿನಲ್ಲಿ ಪುಡಿ ಆಪರೇಟರ್ ಆಗಿದ್ದೆ. ಅದಕ್ಕೆ ಮೊದಲು ಹದಿಮೂರು ವರ್ಷ ಅದೇ ಕಾರ್ಖಾನೆಯ ಇನ್ಸುಲೇಟರ್ ಲೈನಿನಲ್ಲಿ, ಅಂದರೆ ವಿದ್ಯುತ್ ಕಂಬದ ಮೇಲೆ ಕಾಣುವ ಪಿಂಗಾಣಿ ಬಟ್ಟಲುಗಳನ್ನು ಮಾಡುವ ಕಡೆ, ಮಣ್ಣು ಅರೆಯುವ ಮತ್ತು ಸೋಸುವ ಕೆಲಸ ಮಾಡಿದ್ದೆ. ನಾನು ಓದಿದ್ದು ಕಂಪ್ಲಿಯಲ್ಲಿ, ಏಳನೇ ತರಗತಿವರೆಗೆ. ಈ ಬರಹದಲ್ಲಿ ತಪ್ಪು ಮಾಡಿದವಳು ನಾನೇ. ಅದನ್ನು ಕೊನೆಗೆ ಇಟ್ಟುಕೊಳ್ಳದೆ ಇಲ್ಲೇ ಹೇಳಿಬಿಡುತ್ತೇನೆ.

ನನ್ನ ತಮ್ಮ ತಿಪ್ಪೇಶ ನನಗಿಂತ ಒಂಬತ್ತು ವರ್ಷ ಚಿಕ್ಕವನು. ಎಂ.ಎಸ್ಸಿ. ಮುಗಿಸಿ ಅದೇ ಲ್ಯಾಬಿಗೆ ಸಂಶೋಧಕನಾಗಿ ಸೇರಿದ್ದ. ಪಿಎಚ್.ಡಿ.ಗೂ ಹೆಸರು ನೋಂದಾಯಿಸಿದ್ದ. ಲ್ಯಾಬಿನ ಮುಖ್ಯಸ್ಥೆ ವಸುಧಾ ಮೇಡಂ ಮೈಸೂರಿನ ಕಡೆಯವರು, ಅವನ ಪಿಎಚ್.ಡಿ. ಗೈಡ್ ಕೂಡ ಅವರೇ. ಪುಡಿ ಕೆಲಸಕ್ಕೆ ಆಳು ಬೇಕೆಂದಾಗ ತಿಪ್ಪೇಶ ಅವರ ಮುಂದೆ ನನ್ನ ಹೆಸರು ಹೇಳಿದ.

"ಪುಡಿ ಮುಟ್ಟಿ ಎಷ್ಟು ಸಣ್ಣಗೈತಿ ಅಂತ ಹೇಳೋರು ಇಡೀ ಲೈನಿನಾಗ ಒಬ್ರೇ ಅದಾರ್ರಿ ಮೇಡಂ. ನಮ್ಮಕ್ಕ."

ಹೀಗೆ ನಾನು ಧೂಳಿನ ಶೆಡ್ಡಿನಿಂದ ಎ.ಸಿ. ಇರುವ ಕೋಣೆಗೆ ಬಂದೆ. ಬಿಳಿ ಕೋಟು ಹಾಕಿಕೊಂಡ ಮೊದಲ ದಿನ ಇನ್ಸುಲೇಟರ್ ಲೈನಿನ ಹೆಂಗಸರು ಗೇಟಿನ ಹತ್ತಿರ ಸಾಲಾಗಿ ನಿಂತು, "ಡಾಕ್ಟರಮ್ಮ, ನನಗೂ ಒಂದ್ ಸೂಜಿ ಚುಚ್ಚವ್ವ" ಎಂದು ನಕ್ಕಿದ್ದರು.

ಲ್ಯಾಬಿನಲ್ಲಿ ಮಾಡುತ್ತಿದ್ದದ್ದು ಸಿರಾಮಿಕ್ ಫ್ಯೂಯೆಲ್ ಸೆಲ್. ಅದು ಏನೆಂದು ತಿಪ್ಪೇಶ ನನಗೆ ಮನೆಯಲ್ಲಿ ಊಟದ ತಾಟಿನಲ್ಲೇ ವಿವರಿಸಿದ್ದ. ಅವನು ನನ್ನ ಮನೆಯಲ್ಲೇ ಇದ್ದ. ರೊಟ್ಟಿಯೊಂದನ್ನು ಎತ್ತಿ ಹಿಡಿದು, "ಇದು ನಡುವಿನ ಪದರ, ಎಲೆಕ್ಟ್ರೊಲೈಟ್. ಈ ಕಡಿ ಶೇಂಗಾ ಚಟ್ನಿ ಹಚ್ಚೀನಿ, ಇದು ಗ್ಯಾಸಿನ ಕಡಿ. ಆ ಕಡಿ ಗುರೆಳ್ಳು ಚಟ್ನಿ, ಅದು ಗಾಳಿ ಕಡಿ. ಗುರೆಳ್ಳು ಹಚ್ಚಿದ ಕಡೀಗೆ ಕ್ಯಾಥೋಡ್ ಅಂತಾರಕ್ಕಾ. ಗಾಳಿಯೊಳಗಿನ ಆಮ್ಲಜನಕ ಹಿಡಿದು ರೊಟ್ಟಿಯೊಳಗ ದಾಟಿಸೋದು ಅದರ ಕೆಲಸ" ಎಂದಿದ್ದ. ನಿಜವಾದ ಸೆಲ್ ಹಳೆಯ ಒಂದು ರೂಪಾಯಿ ನಾಣ್ಯದಷ್ಟು ಅಗಲದ ಬಿಲ್ಲೆ. ಅದನ್ನು ಕುಲುಮೆಯಲ್ಲಿ ಕಾಯಿಸಿ, ಒಂದು ಮಗ್ಗುಲಿಗೆ ಗ್ಯಾಸು, ಇನ್ನೊಂದು ಮಗ್ಗುಲಿಗೆ ಗಾಳಿ ಬಿಟ್ಟರೆ ವಿದ್ಯುತ್ ಬರುತ್ತದೆ. ಬೆಂಕಿ ಇಲ್ಲ, ಹೊಗೆ ಇಲ್ಲ.

ತೊಡಕು ಇದ್ದದ್ದು ಗುರೆಳ್ಳು ಚಟ್ನಿಯಲ್ಲಿ. ಮ್ಯಾಂಗನೀಸ್ ಇರುವ ಕ್ಯಾಥೋಡ್ ಗಟ್ಟಿ ಆಳು, ವರ್ಷಗಟ್ಟಲೆ ನಿಲ್ಲುತ್ತದೆ. ಆದರೆ 800 ಡಿಗ್ರಿಗಿಂತ ಕಡಿಮೆ ಶಾಖದಲ್ಲಿ ಸೋಮಾರಿಯಾಗುತ್ತದೆ. ಕೋಬಾಲ್ಟ್ ಇರುವ ಕ್ಯಾಥೋಡ್ ಚುರುಕು, ಆದರೆ ಬಿಸಿಗೆ ಹೆಚ್ಚು ಹಿಗ್ಗಿ ಹಪ್ಪಳದಂತೆ ಸಿಪ್ಪೆ ಏಳುತ್ತದೆ. ಮ್ಯಾಂಗನೀಸ್ ಕ್ಯಾಥೋಡನ್ನು 700 ಡಿಗ್ರಿಯಲ್ಲಿ ಚುರುಕಾಗಿಸಬೇಕು. ಆಗ ಸುತ್ತಲಿನ ಭಾಗಗಳಿಗೆ ಸಾಧಾರಣ ಉಕ್ಕು ಸಾಕಾಗುತ್ತದೆ. ಇದು ತಿಪ್ಪೇಶನಿಗೆ ಕೊಟ್ಟ ಕೆಲಸ. ಲ್ಯಾಬಿಗೆ ಶುದ್ಧ ಮ್ಯಾಂಗನೀಸ್ ಎಲ್ಲಿಂದಲೋ ಬಾಟಲಿಯಲ್ಲಿ ಬರುತ್ತಿತ್ತು. ಮುಂದೆ ಅದನ್ನು ಸಂಡೂರಿನ ಗುಡ್ಡದ ಅದಿರಿನಿಂದಲೇ ತೆಗೆಯಬೇಕು ಎನ್ನುವುದು ಅವನ ಆಸೆ. "ಲಾರಿಗಟ್ಟಲೆ ಹೋಗ್ತದ ನಮ್ಮ ಕಣ್ಣ ಮುಂದ. ಒಂದು ಬುಟ್ಟಿ ನಮಗ ಇಟ್ಟುಕೊಂಡ್ರ ಸಾಕು" ಎನ್ನುತ್ತಿದ್ದ.

ನನ್ನ ಕೆಲಸ ಹೀಗಿತ್ತು. ತಿಪ್ಪೇಶ ತೂಗಿ, ಸುಟ್ಟು ಕೊಟ್ಟ 150 ಗ್ರಾಂ ಮಿಶ್ರಣವನ್ನು ಬಾಲ್ ಮಿಲ್ಲಿಗೆ ಹಾಕಿ ಒಂದು ದಿನ ಅರೆಯುವುದು. ಬಾಲ್ ಮಿಲ್ ಅಂದರೆ ಗಟ್ಟಿ ಗುಂಡುಗಳಿರುವ ಜಾಡಿ. ಅದು ತಿರುಗಿದಂತೆ ಗುಂಡುಗಳು ಪುಡಿಯನ್ನು ಅರೆಯುತ್ತವೆ. ಆಮೇಲೆ ಒಣಗಿಸಿ, ಜರಡಿ ಹಿಡಿದು, ಅಗಲ ಬಾಯಿಯ ಬಿಳಿ ಡಬ್ಬಿಗೆ ಹಾಕಿ, ಪುಡಿ ಸಮನಾಗಲೆಂದು ಅರ್ಧ ಗಂಟೆ ರೋಲರ್ ಮೇಲೆ ಉರುಳಿಸಿ, ಬಾಟಲಿಗೆ ತುಂಬಿ ಕೊಡುವುದು. ಕ್ಯಾಥೋಡ್ ಪುಡಿಗೆ ಇದ್ದದ್ದು ಒಂದೇ ಡಬ್ಬಿ. ಒಂದು ಬಗೆಯ ಪುಡಿ ಮುಗಿದು ಇನ್ನೊಂದು ಬಗೆ ಶುರುವಾಗುವಾಗ ಡಬ್ಬಿಯನ್ನು ಮೂರು ಸಲ ನೀರಿನಲ್ಲಿ, ಒಂದು ಸಲ ಸ್ಪಿರಿಟ್ಟಿನಲ್ಲಿ ತೊಳೆದು, ಓವನ್ನಿನಲ್ಲಿ ಒಣಗಿಸಿ, ಲಾಗ್ ಪುಸ್ತಕದಲ್ಲಿ 'ಡಬ್ಬಿ ತೊಳೆದಿದೆ' ಎಂಬ ಕಾಲಮ್ಮಿನಲ್ಲಿ ರುಜು ಹಾಕಬೇಕು.

ಇಲ್ಲಿ ನಮ್ಮ ಮನೆಯ ಒಂದು ರೂಢಿ ಹೇಳಬೇಕು. ನಮ್ಮ ಅವ್ವ ಅಕ್ಕಿ ಡಬ್ಬಿಯನ್ನು ಎಂದೂ ಪೂರ್ತಿ ಬಳಿದವಳಲ್ಲ. ಎಷ್ಟೇ ತುಟ್ಟಿಯ ಕಾಲವಿರಲಿ, ತಳದಲ್ಲಿ ಒಂದು ಹಿಡಿ ಉಳಿಸುತ್ತಾಳೆ. ಹೊಸ ಅಕ್ಕಿ ಅದರ ಮೇಲೆ ಬೀಳಬೇಕು. ಡಬ್ಬಿ ತೊಳೆಯುವ ದಿನವೂ ಆ ಹಿಡಿಯನ್ನು ಮೊರಕ್ಕೆ ತೆಗೆದಿಟ್ಟು, ಡಬ್ಬಿ ತೊಳೆದು ಒಣಗಿಸಿ, ಮೊದಲು ಅದನ್ನೇ ವಾಪಸ್ ಹಾಕುತ್ತಾಳೆ. ನಾನು ಅತ್ತೆಯ ಮನೆಗೆ ಬಂದ ಮೇಲೂ ಹಾಗೇ ಮಾಡಿದೆ. ಇನ್ಸುಲೇಟರ್ ಲೈನಿನಲ್ಲೂ ಹಾಗೇ ಮಾಡಿದೆ. ಅಲ್ಲಿ ಎಲ್ಲ ಹೆಂಗಸರೂ ಹಾಗೇ ಮಾಡುತ್ತಿದ್ದರು. ಟನ್ನುಗಟ್ಟಲೆ ಮಣ್ಣಿನಲ್ಲಿ ಒಂದು ಹಿಡಿಗೆ ಲೆಕ್ಕವೇನು? ಯಾರೂ ಕೇಳಲಿಲ್ಲ.

ಲ್ಯಾಬಿನಲ್ಲೂ ನಾನು ಹಾಗೇ ಮಾಡಿದೆ. ಪುಡಿ ಕೊಟ್ಟ ಮೇಲೆ ಒಂದು ಸಣ್ಣ ಹಿಡಿಯನ್ನು ಡಬ್ಬಿಯಲ್ಲಿ ಉಳಿಸುತ್ತಿದ್ದೆ. ಅರೆಯುವಾಗ ಹೇಗೂ ಸ್ವಲ್ಪ ನಷ್ಟವಾಗುತ್ತದೆ, ಯಾರ ಗಮನಕ್ಕೂ ಬರಲಿಲ್ಲ. ಡಬ್ಬಿ ತೊಳೆಯುವ ದಿನ ಆ ಹಿಡಿಯನ್ನು ಹಾಳೆಯ ಮೇಲೆ ತೆಗೆದಿಟ್ಟು, ಹೇಳಿದಂತೆ ಮೂರು ಸಲ ತೊಳೆದು, ಸ್ಪಿರಿಟ್ ಹಾಕಿ, ಒಣಗಿಸಿ, ಹಿಡಿಯನ್ನು ವಾಪಸ್ ಹಾಕಿ ರುಜು ಹಾಕುತ್ತಿದ್ದೆ. ತಪ್ಪು ಮಾಡುತ್ತಿದ್ದೇನೆ ಎಂದು ಅನಿಸಲೇ ಇಲ್ಲ. ಎರಡೂ ಪುಡಿ ಕಪ್ಪಾಗಿದ್ದವು. ಯಾವುದರ ಮೇಲೆ ಯಾವುದು ಬಿದ್ದರೂ ಕಣ್ಣಿಗೆ ಕಾಣುವುದಿಲ್ಲ.

ಮೊದಲ ಏಳು ಬ್ಯಾಚ್ ಮ್ಯಾಂಗನೀಸ್ ಪುಡಿ. ಎಂಟರಿಂದ ಹದಿಮೂರು ಕೋಬಾಲ್ಟ್. ಸೆಪ್ಟೆಂಬರಿನಲ್ಲಿ ಹದಿನಾಲ್ಕನೇ ಬ್ಯಾಚಿಗೆ ತಿಪ್ಪೇಶ ಮತ್ತೆ ಮ್ಯಾಂಗನೀಸಿಗೆ ಬಂದ. ಈ ಸಲ ಮಿಶ್ರಣದಲ್ಲಿ ಸ್ಟ್ರಾನ್ಷಿಯಂ ಎಂಬ ಇನ್ನೊಂದು ಲೋಹದ ಪಾಲನ್ನು ಸ್ವಲ್ಪ ಬದಲಿಸಿದ್ದ. ಪುಡಿ ಕೊಟ್ಟ ಎಂಟು ದಿನಕ್ಕೆ ಅವನು ಮಿಲ್ ಕೋಣೆಗೆ ಓಡಿ ಬಂದ.

"ಅಕ್ಕಾ, ಪಾಯಿಂಟ್ ಟೂ ಎಯ್ಟ್!"

"ಅದು ಛಲೋದೋ ಕೆಟ್ಟದ್ದೋ?"

"ಕಡಿಮಿ ಬಂದಷ್ಟು ಛಲೋ. ಇಷ್ಟು ದಿನ ಒಂದು ಪಾಯಿಂಟ್ ನಾಲ್ಕು ಬರ್ತಿತ್ತು. ಅದು ಕ್ಯಾಥೋಡಿನ ತಡೆ, ಆಮ್ಲಜನಕ ದಾಟಾಕ ಎಷ್ಟು ತ್ರಾಸು ಪಡ್ತದ ಅಂತ. ಐದರಾಗ ಒಂದು ಪಾಲಿಗೆ ಇಳದೈತಿ! ಮೂರು ಸೆಲ್ ನೋಡೀನಿ, ಮೂರೂ ಹಂಗ ಅದಾವ."

ನಾನು ಮಿಲ್ ನಿಲ್ಲಿಸಿ, ಚೀಲದಲ್ಲಿದ್ದ ಬೆಲ್ಲದ ತುಂಡು ಅವನ ಬಾಯಿಗೆ ಹಾಕಿದೆ. ಲ್ಯಾಬಿನೊಳಗೆ ತಿನ್ನಬಾರದು ಎಂಬ ನಿಯಮ ಇಬ್ಬರಿಗೂ ನೆನಪಾಗಲಿಲ್ಲ.

ಮುಂದಿನ ತಿಂಗಳು ಹೊರಗಿನ ಒಂದು ಕಂಪನಿಯವರು ನೋಡಲು ಬಂದರು. ತಿಪ್ಪೇಶ ಅವರಿಗೆ ಎಲ್ಲ ತೋರಿಸುತ್ತ ನನ್ನ ಮೇಜಿನ ಹತ್ತಿರ ಬಂದು ನಿಂತ. "ಈ ಪುಡಿ ಮಾಡಿದವರು ಇವರು. ನಮ್ಮಕ್ಕ" ಎಂದ. ಟೈ ಕಟ್ಟಿದ್ದ ಹಿರಿಯರೊಬ್ಬರು ನನಗೆ ಕೈ ಮುಗಿದರು. ಹದಿಮೂರು ವರ್ಷದ ಕೆಲಸದಲ್ಲಿ ನನಗೆ ಯಾರೂ ಹಾಗೆ ಕೈ ಮುಗಿದಿರಲಿಲ್ಲ. ಅವರು ಎರಡು ಸೆಲ್ಲುಗಳನ್ನೂ ತಿಪ್ಪೇಶ ಬರೆದ ವರದಿಯನ್ನೂ ತೆಗೆದುಕೊಂಡು ಹೋದರು. ಮೂರನೆಯದು ಕುಲುಮೆ ತಣಿಯುವಾಗ ಒಡೆದಿತ್ತು. ಅದರ ಚೂರುಗಳನ್ನು ತಿಪ್ಪೇಶ ಲಕೋಟೆಯಲ್ಲಿ ಹಾಕಿ ಬೀರುವಿನಲ್ಲಿ ಇಟ್ಟಿದ್ದ.

ಅದೇ ಮಿಶ್ರಣದ ಹದಿನೈದನೇ ಬ್ಯಾಚು ಆಯಿತು. ತಡೆ 1.1 ಬಂತು. ಹದಿನಾರು 1.4. ಹದಿನೇಳು ಮತ್ತೆ 1.4. ಅಷ್ಟರಲ್ಲಿ ನಸ್ರೀನ್ ಎಂಬ ಜೂನಿಯರ್ ಇಂಜಿನಿಯರ್ ಹೊಸದಾಗಿ ಸೇರಿದ್ದಳು. ಪರೀಕ್ಷೆಗಳನ್ನು ಬೇರೆಯವರ ಕೈಯಿಂದಲೂ ಮಾಡಿಸಲಿ ಎಂದು ಮೇಡಂ ಅವಳಿಗೆ ಒಪ್ಪಿಸಿದರು. ಅವಳಿಗೂ ಅದೇ 1.4 ಬಂತು.

ನವೆಂಬರಿನ ಒಂದು ಭಾನುವಾರ ಅವ್ವ ಕಂಪ್ಲಿಯಿಂದ ಅಕ್ಕಿ ತಂದಿದ್ದಳು. ನಾವು ಮಧ್ಯಾಹ್ನ ಊಟಕ್ಕೆ ಕೂತಿದ್ದೆವು. ತಿಪ್ಪೇಶ ಮೂರು ವಾರದಿಂದ ಸರಿಯಾಗಿ ಉಂಡಿರಲಿಲ್ಲ. ತಾಟಿನಲ್ಲಿದ್ದ ಮಜ್ಜಿಗೆಯನ್ನು ಬೆರಳಿನಿಂದ ತಿರುವುತ್ತ ಹೇಳಿದ:

"ವಿಚಿತ್ರ ಐತಕ್ಕಾ. ಕೆಟ್ರ ಎಲ್ಲಾ ಒಮ್ಮೆಗೇ ಕೆಡಬೇಕು. ಇದು ಹಂಗಲ್ಲ. ಹದಿನಾಲ್ಕು ಗಟ್ಟಿ ಮೊಸರು, ಹದಿನೈದು ನೀರ್ ಮಜ್ಜಿಗಿ, ಹದಿನಾರು ಬರೇ ನೀರು. ಏನೋ ಒಂದು ಇತ್ತು, ಬ್ಯಾಚಿಂದ ಬ್ಯಾಚಿಗೆ ತೆಳ್ಳಗಾಗಿ ಹೋತು."

ಅವನ ಹಿಂದೆ ಅವ್ವ ಅಕ್ಕಿ ಚೀಲದ ಬಾಯಿ ಬಿಚ್ಚಿ ಡಬ್ಬಿಗೆ ಸುರಿಯುತ್ತಿದ್ದಳು. ಹಳೆಯ ಹಿಡಿಯ ಮೇಲೆ ಹೊಸ ಅಕ್ಕಿ ಬಿದ್ದ ಸದ್ದು ಕೇಳಿತು. ನನ್ನ ಕೈಯಲ್ಲಿದ್ದ ಸೌಟು ಅಲ್ಲೇ ನಿಂತಿತು. ಹದಿಮೂರರ ಕೋಬಾಲ್ಟ್ ಒಂದು ಹಿಡಿ ಹದಿನಾಲ್ಕರೊಳಗೆ ಹೋಗಿದೆ. ಹದಿನಾಲ್ಕರದು ಒಂದು ಹಿಡಿ ಹದಿನೈದಕ್ಕೆ. ಅದರೊಳಗಿನ ಕೋಬಾಲ್ಟ್ ಎಷ್ಟು ಉಳಿದೀತು? ಏಳನೇ ತರಗತಿಯ ಲೆಕ್ಕ ಸಾಕಿತ್ತು.

"ಯಾಕಕ್ಕಾ?" ಎಂದ.

"ಏನಿಲ್ಲ. ಸಾರು ಹಾಕ್ಲೇನು?" ಎಂದೆ.

ಆ ಕ್ಷಣದಲ್ಲಿ ಹೇಳಬಹುದಿತ್ತು. ಗೊತ್ತಿಲ್ಲದೆ ಆದ ತಪ್ಪು ಅಲ್ಲಿಗೆ ಮುಗಿಯುತ್ತಿತ್ತು. ಯಾಕೆ ಹೇಳಲಿಲ್ಲ ಎಂದು ನನ್ನನ್ನು ನಾನು ಸಾಕಷ್ಟು ಸಲ ಕೇಳಿಕೊಂಡಿದ್ದೇನೆ. ಮತ್ತೆ ಧೂಳಿನ ಶೆಡ್ಡಿಗೆ ಕಳಿಸುತ್ತಾರೆ ಎಂಬ ಹೆದರಿಕೆ ಇತ್ತು. ಅದು ಅರ್ಧ ಕಾರಣ. ಇನ್ನರ್ಧ, ಆ ಹಿರಿಯರು ಕೈ ಮುಗಿದದ್ದು. ನನ್ನ ಕೈಯ ಪುಡಿಗೆ ಬಂದ ಮರ್ಯಾದೆಯನ್ನು ನನ್ನ ಬಾಯಿಂದಲೇ ಕಳೆಯಲು ಮನಸ್ಸು ಬರಲಿಲ್ಲ. ಹೇಗಾದರೂ ಸರಿಹೋಗುತ್ತದೆ, ಅವನು ಬುದ್ಧಿವಂತ, ಬೇರೆ ದಾರಿ ಹುಡುಕುತ್ತಾನೆ ಎಂದುಕೊಂಡೆ. ಮರುದಿನ ಮಾತ್ರ ಯಾರಿಗೂ ಕಾಣದಂತೆ ಡಬ್ಬಿಯಲ್ಲಿದ್ದ ಹಿಡಿಯನ್ನು ಕಸಕ್ಕೆ ಹಾಕಿ ಡಬ್ಬಿಯನ್ನು ಪೂರ್ತಿ ತೊಳೆದೆ. ಆ ರೂಢಿ ಅಲ್ಲಿಗೆ ಬಿಟ್ಟೆ. ಅಂದರೆ ಗೊತ್ತಿದ್ದೂ ಗುರುತು ಅಳಿಸಿದೆ.

ಅದೇ ವಾರ ಮೇಡಂ ಸಭೆ ಕರೆದರು. ಕೋಣೆಯಲ್ಲಿ ಮೇಡಂ, ತಿಪ್ಪೇಶ, ನಸ್ರೀನ್. ನನ್ನನ್ನು ಆಮೇಲೆ ಕರೆದರು. ಮೇಜಿನ ಮೇಲೆ ನನ್ನ ಲಾಗ್ ಪುಸ್ತಕ ತೆರೆದಿತ್ತು.

"ಗಂಗಮ್ಮ, ಹದಿನಾಲ್ಕಕ್ಕೆ ಮೊದಲು ಕೋಬಾಲ್ಟ್ ನಡೀತಿತ್ತು. ಡಬ್ಬಿಯಲ್ಲಿ ಏನಾದ್ರೂ ಉಳಿದಿರಬಹುದಾ? ಹಾಗಿದ್ರೆ ಒಡೆದ ಸೆಲ್ಲಿನ ಚೂರು ಹೊರಗೆ ಪರೀಕ್ಷೆಗೆ ಕಳಿಸ್ತೀನಿ. ನೀವು ತೊಳೆದಿದ್ರಾ?"

"ಮೂರು ಸಲ ತೊಳದೀನ್ರಿ ಮೇಡಂ. ಸ್ಪಿರಿಟ್ ಹಾಕೀನಿ. ಓವನ್ನಿನಾಗ ಒಣಗಿಸೀನಿ."

ಈ ಮಾತಿನಲ್ಲಿ ಸುಳ್ಳಿರಲಿಲ್ಲ.

ನಾನು ಮುಂದೆ ಏನೂ ಹೇಳುವ ಮೊದಲೇ ತಿಪ್ಪೇಶ ಎದ್ದು ನಿಂತ. "ಮೇಡಂ, ನನ್ನ ಮ್ಯಾಲ ಸಂಶಯ ಇದ್ರ ಕೇಳ್ರಿ. ಅಕ್ಕನ ರುಜು ಮ್ಯಾಲ ಬ್ಯಾಡ್ರಿ. ಆಕಿ ತೊಳದೀನಿ ಅಂದ್ರ ತೊಳದಾಳ."

ಹದಿನಾಲ್ಕರ ಪುಡಿಯ ಎಕ್ಸ್-ರೇ ಪರೀಕ್ಷೆಯ ವರದಿ ಮೇಡಂ ಮುಂದೆ ಇತ್ತು, ಅದರಲ್ಲಿ ಏನೂ ಹೊಸದು ಕಂಡಿರಲಿಲ್ಲ. ಎರಡೂ ಪುಡಿ ಒಂದೇ ಕುಟುಂಬದ ಹರಳುಗಳಂತೆ, ಅವುಗಳ ಗೆರೆಗಳು ಒಂದರ ಮೇಲೊಂದು ಬೀಳುತ್ತವಂತೆ. ಇದು ನನಗೆ ಗೊತ್ತಾದದ್ದು ಬಹಳ ಆಮೇಲೆ.

"ಪುಡಿ ಸರಿ ಇದೆ, ಮಿಶ್ರಣ ಅದೇ, ಕುಲುಮೆ ಅದೇ. ಹಾಗಾದ್ರೆ ಉಳಿದದ್ದು ಅಂಕಿ ಒಂದೇ ತಿಪ್ಪೇಶ್. ಆ ಪಾಯಿಂಟ್ ಟೂ ಎಯ್ಟ್ ಮೆಷೀನ್ ಕೊಟ್ಟಿದ್ದಾ, ನೀವು ಕೊಟ್ಟಿದ್ದಾ?" ಎಂದರು.

ತಿಪ್ಪೇಶನ ಮುಖ ಕೆಂಪಾಯಿತು. ಮೂರು ಸೆಲ್ಲನ್ನೂ ಅವನೊಬ್ಬನೇ ಪರೀಕ್ಷೆ ಮಾಡಿದ್ದ. ಕಂಪ್ಯೂಟರಿನಲ್ಲಿ ಅಂಕಿ ತಿದ್ದುವುದು ಕಷ್ಟವಲ್ಲ ಎಂದು ಎಲ್ಲರಿಗೂ ಗೊತ್ತಿತ್ತು. ನಾನು ಬಾಗಿಲ ಹತ್ತಿರ ಕೈ ಕಟ್ಟಿ ನಿಂತಿದ್ದೆ. ಬಾಯಿ ಬಿಡಲಿಲ್ಲ.

ಕಂಪನಿಗೆ ಕೊಟ್ಟ ವರದಿಯನ್ನು ವಾಪಸ್ ಪಡೆದರು. ಮೇಡಂ ಗೈಡ್ ಆಗಿ ಮುಂದುವರಿಯುವುದಿಲ್ಲ ಎಂದು ಬರೆದುಕೊಟ್ಟರು, ಪಿಎಚ್.ಡಿ. ಅಲ್ಲಿಗೆ ನಿಂತಿತು. ಡಿಸೆಂಬರಿನಲ್ಲಿ ತಿಪ್ಪೇಶ ರಾಜೀನಾಮೆ ಕೊಟ್ಟು, ಸಂಡೂರಿನ ಆಚೆ ಯಶವಂತನಗರದಲ್ಲಿ ಅದಿರಿನ ಮಾದರಿ ಪರೀಕ್ಷಿಸುವ ಒಂದು ಸಣ್ಣ ಲ್ಯಾಬಿಗೆ ಸೇರಿಕೊಂಡ. ಅಲ್ಲೇ ಒಂದು ಕೋಣೆ ಹಿಡಿದ. ಹೋಗುವಾಗ ತನ್ನ ಬಿಳಿ ಕೋಟನ್ನು ಮಡಚಿ ನನ್ನ ಕೈಗೆ ಕೊಟ್ಟು, "ನೀ ಹಾಕ್ಕೊ, ನಿಂದು ಹರದೈತಿ" ಎಂದ. ಆ ಕೋಟು ಹಾಕಿಕೊಂಡೇ ನಾನು ಐದು ತಿಂಗಳು ಕೆಲಸ ಮಾಡಿದೆ.

2023ರ ಮೇ ತಿಂಗಳಲ್ಲಿ ಅವ್ವ ಮಾಡಿದ ಉಪ್ಪಿನಕಾಯಿ ಕೊಡಲು ಯಶವಂತನಗರಕ್ಕೆ ಹೋದೆ. ಲ್ಯಾಬ್ ಅಂದರೆ ತಗಡಿನ ಒಂದು ಶೆಡ್ಡು. ಹೊರಗೆ ಅದಿರಿನ ಲಾರಿಗಳು, ಒಳಗೆ ಸಣ್ಣ ಚೀಲಗಳ ರಾಶಿ. ತಿಪ್ಪೇಶನ ಹುಬ್ಬು, ಕಿವಿ, ಅಂಗಿಯ ಕಾಲರು ಎಲ್ಲ ಕೆಂಪು. ಅವನು ತಕ್ಕಡಿಯ ಮುಂದೆ ಬಗ್ಗಿದ್ದ. ನಾನು ಬಂದದ್ದು ನೋಡದೆ, ಪಕ್ಕದ ಮೇಜಿನವನು ಒಂದು ಚೀಲ ಎಸೆದು ಕೂಗಿದ:

"ಲೇ ಪಾಯಿಂಟ್ ಟೂ ಎಯ್ಟ್, ಇದ್ನೂ ಹಾಕಲೇ. ಕಬ್ಬಿಣ ಅರವತ್ತು ಪರ್ಸೆಂಟ್ ಬೇಕಂತ ಮಾಲಕರಿಗೆ. ನಿನಗೇನು, ಬರದ್ರ ಬಂತು!"

ಇಡೀ ಶೆಡ್ಡು ನಕ್ಕಿತು. ತಿಪ್ಪೇಶನೂ ನಕ್ಕ. ಅವನು ನಕ್ಕದ್ದನ್ನು ನೋಡಿದ್ದೇ ನನಗೆ ತಡೆಯಲಾರದ್ದಾಯಿತು. ಹೊಸಪೇಟೆಯಲ್ಲಿ ಬಿಟ್ಟು ಬಂದೆ ಎಂದು ಅವನು ಅಂದುಕೊಂಡದ್ದು ಹೆಸರಾಗಿ ಅವನ ಬೆನ್ನು ಹತ್ತಿತ್ತು.

ಬಸ್ ನಿಲ್ದಾಣಕ್ಕೆ ನನ್ನನ್ನು ಬಿಡಲು ಬಂದ. ಬಸ್ಸಿಗೆ ಇನ್ನೂ ಹೊತ್ತಿತ್ತು. ಕಟ್ಟೆಯ ಮೇಲೆ ಕೂತು ಉಪ್ಪಿನಕಾಯಿ ಡಬ್ಬಿಯ ಮುಚ್ಚಳ ತೆಗೆದು ಮೂಸಿ ನೋಡಿದ.

"ಬೇಸರ ಮಾಡ್ಕೋಬ್ಯಾಡಕ್ಕಾ. ಅವರು ಹಂಗ ಅಂತಿರ್ತಾರ. ಮೇಡಂ ನಂಬಲಿಲ್ಲ, ನಸ್ರೀನ್ ನಂಬಲಿಲ್ಲ. ಒಮ್ಮೊಮ್ಮೆ ನನಗ ನನ್ನ ಮ್ಯಾಲ ನಂಬಿಗಿ ಹೋಗ್ತದ. ಆ ದಿನ ನಾನೇ ಏನರ ತಪ್ಪು ನೋಡಿದ್ನೇನೋ ಅನಸ್ತದ. ನೀ ಒಬ್ಬಾಕಿ ನಂಬೀದಿ, ಅಷ್ಟ ಸಾಕು."

ನಾನು ಹೇಳಿದೆ. ಕೋಬಾಲ್ಟಿನ ಹಿಡಿ, ಅದನ್ನು ಹಾಳೆಯ ಮೇಲೆ ತೆಗೆದಿಟ್ಟದ್ದು, ವಾಪಸ್ ಹಾಕಿದ್ದು, ಆ ಭಾನುವಾರ ಗೊತ್ತಾದದ್ದು, ಮರುದಿನ ಕಸಕ್ಕೆ ಚೆಲ್ಲಿದ್ದು. ಒಂದನ್ನೂ ಬಿಡಲಿಲ್ಲ.

ಅವನು ಡಬ್ಬಿಯ ಮುಚ್ಚಳವನ್ನು ನಿಧಾನಕ್ಕೆ ಮುಚ್ಚಿದ. ಆಮೇಲೆ ಅವನು ಕೇಳಿದ ಮೊದಲ ಪ್ರಶ್ನೆ ಇದು:

"ಎಷ್ಟು?"

ನಾನು ಅಂಗೈ ಮಡಚಿ ತೋರಿಸಿದೆ. ಅದನ್ನು ಅವನು ತೂಗುವವನಂತೆ ನೋಡಿದ. ಆಗಿನ್ನೂ ಅವನು ಸಂಶೋಧಕ. ಮುಂದಿನ ಕ್ಷಣ ಮುಖ ಬೇರೆಯಾಯಿತು.

"ಮೇಡಂ ಸಂಶಯ ಪಟ್ರು, ಅದು ಅವರ ಕೆಲಸ. ಈ ಶೆಡ್ಡಿನವ್ರು ನಗ್ತಾರ, ಅವರಿಗೆ ಗೊತ್ತಿಲ್ಲ. ನಿನಗ ಗೊತ್ತಿತ್ತು. ನಾ ಎದ್ದು ನಿಂತು ನಿನ್ನ ಸಲುವಾಗಿ ಮಾತಾಡಿದಾಗ ನೀ ಅಲ್ಲೇ ಇದ್ದಿ."

"ತಪ್ಪಾತೋ ತಮ್ಮಾ" ಎಂದೆ.

"ಹಿಡಿ ಉಳಿಸಿದ್ದು ತಪ್ಪಲ್ಲ. ಅದು ಅವ್ವ ಕಲಿಸಿದ್ದು. ನನಗೂ ಗೊತ್ತಿರಬೇಕಿತ್ತು, ನಾನೂ ಅದೇ ಮನ್ಯಾಗ ಉಂಡಾವ." ಅವನ ದನಿ ಏರಲಿಲ್ಲ. "ನನ್ನ ತಾಟಿಗೆ ಅನ್ನ ಹಾಕ್ಕೋತ ಸುಮ್ಮನ ಇದ್ದೆಲ್ಲ, ಅದು."

ಬಸ್ಸು ಬರುವುದಕ್ಕೆ ಮೊದಲೇ ಎದ್ದು ಹೋದ. ಉಪ್ಪಿನಕಾಯಿ ಡಬ್ಬಿ ಕಟ್ಟೆಯ ಮೇಲೇ ಇತ್ತು.

ಮರುದಿನ ಬೆಳಿಗ್ಗೆ ನಾನು ಮೇಡಂ ಕೋಣೆಗೆ ಹೋಗಿ ಎಲ್ಲವನ್ನೂ ಹೇಳಿದೆ, ನನ್ನ ಅಕ್ಷರದಲ್ಲೇ ಬರೆದೂ ಕೊಟ್ಟೆ. ಅವರು ಓದಿ ಹಾಳೆಯನ್ನು ಮೇಜಿನ ಮೇಲೆ ಇಟ್ಟು, "ನಾನು ಅವತ್ತು ಕೇಳಿದ ಪ್ರಶ್ನೆ ನಿಮಗೆ ಅರ್ಥವಾಗಿತ್ತಲ್ವಾ?" ಎಂದರು. ಅರ್ಥವಾಗಿತ್ತು ಎಂದೆ. ಅವರು ಬೈಯಲಿಲ್ಲ. ಬೀರುವಿನಿಂದ ಲಕೋಟೆ ತೆಗೆದು, ಒಡೆದ ಸೆಲ್ಲಿನ ಚೂರುಗಳನ್ನು ಹೊರಗಿನ ಪ್ರಯೋಗಾಲಯಕ್ಕೆ ಕಳಿಸಿದರು. ಹತ್ತು ದಿನಕ್ಕೆ ಉತ್ತರ ಬಂತು: ಕೋಬಾಲ್ಟ್ ಇದೆ.

ಆಮೇಲೆ ನನ್ನನ್ನು ತಕ್ಕಡಿಯ ಮುಂದೆ ನಿಲ್ಲಿಸಿದರು. ಡಬ್ಬಿಯಲ್ಲಿ ಕಪ್ಪು ಪುಡಿ ಹಾಕಿ, "ಆವತ್ತು ಹೇಗೆ ಉಳಿಸಿದ್ರೋ ಹಾಗೇ ತೆಗೀರಿ" ಎಂದರು. ನಾನು ತೆಗೆದೆ. ನಸ್ರೀನ್ ತೂಗಿ ಬರೆದುಕೊಂಡಳು. ಮತ್ತೆ ತೆಗೆದೆ. ಇಪ್ಪತ್ತು ಸಲ. ಹದಿನೇಳು ಗ್ರಾಂ, ಹದಿನೆಂಟೂವರೆ, ಹದಿನೇಳು, ಹದಿನೆಂಟು. ನಸ್ರೀನ್ ಮೆಲ್ಲಗೆ, "ಗಂಗಕ್ಕ, ನಿಮ್ಮ ಕೈ ಮೆಷೀನ್ ಐತ್ರಿ" ಎಂದಳು. ಬೇರೆ ದಿನವಾಗಿದ್ದರೆ ಆ ಮಾತಿಗೆ ಹಿಗ್ಗುತ್ತಿದ್ದೆ. ಅಂದು ಕೈ ನಡುಗಬಾರದೆಂದು ಮಾತ್ರ ನೋಡಿಕೊಂಡೆ. ನಡುಗಿದರೆ ಅಂಕಿ ತಪ್ಪುತ್ತದೆ. ಅವನ ಅಂಕಿಯನ್ನು ಎರಡನೇ ಸಲ ಕೆಡಿಸಲು ನನಗೆ ಧೈರ್ಯವಿರಲಿಲ್ಲ.

ಮ್ಯಾಂಗನೀಸ್ ಪುಡಿ 150 ಗ್ರಾಂ, ಕೋಬಾಲ್ಟ್ ಪುಡಿ 18 ಗ್ರಾಂ, ಈಗ ತಕ್ಕಡಿಯಲ್ಲಿ ತೂಗಿ ಬೆರೆಸಿ ನಸ್ರೀನ್ ಹೊಸ ಸೆಲ್ ಮಾಡಿದಳು. 700 ಡಿಗ್ರಿಯಲ್ಲಿ ತಡೆ 0.29. ಇನ್ನೊಂದು ಬ್ಯಾಚು 0.28. ಎರಡು ಪುಡಿ ಸೇರಿದಾಗ ಒಂದರ ಗಟ್ಟಿತನ, ಇನ್ನೊಂದರ ಚುರುಕು ಎರಡೂ ಉಳಿದಿದ್ದವು; ಸಿಪ್ಪೆ ಏಳಲಿಲ್ಲ. ತಿಪ್ಪೇಶನ ಅಂಕಿ ನಿಜವಾಗಿತ್ತು. ಕಾರಣ ಮಾತ್ರ ಅವನು ವರದಿಯಲ್ಲಿ ಬರೆದಿದ್ದ ಸ್ಟ್ರಾನ್ಷಿಯಂ ಅಲ್ಲ.

ಮೇಡಂ ಅವನಿಗೆ ಫೋನ್ ಮಾಡಿ ಕ್ಷಮೆ ಕೇಳಿದರು, ವಾಪಸ್ ಬರಲು ಹೇಳಿದರು. ಅವನು ಒಂದು ದಿನ ಬಂದ. ನಾನು ಮಿಲ್ ಕೋಣೆಯ ಬಾಗಿಲಲ್ಲಿ ನಿಂತಿದ್ದೆ. ನನ್ನ ಮುಂದೆಯೇ ಹಾದು ಹೋದ. ಒಳಗೆ ಅವನು ಹೇಳಿದ್ದು ನನಗೆ ಕೇಳಿಸಿತು.

"ನಾ ಬರಂಗಿಲ್ರಿ ಮೇಡಂ. ಹದಿನಾಲ್ಕರ ಅಂಕಿ ಸುಳ್ಳಲ್ಲ ಅಂತ ಬರದು ಕೊಡ್ರಿ, ನನ್ನ ನೋಂದಣಿ ಮತ್ತ ಶುರು ಮಾಡ್ರಿ. ಎಲ್ಲಿದ್ರೂ ಪುಡಿ ನಾನೇ ಮಾಡ್ಕೋತೀನಿ."

ಅವರು ನೋಂದಣಿ ಮತ್ತೆ ಶುರು ಮಾಡಿಸಿದರು, ಪತ್ರವನ್ನೂ ಬರೆದುಕೊಟ್ಟರು. ಅದರ ಪ್ರತಿ ಕಂಪನಿಗೂ ಹೋಯಿತು. ಯಶವಂತನಗರದ ಶೆಡ್ಡಿನ ಗೋಡೆಗೂ ಅವನು ಒಂದು ಪ್ರತಿ ಅಂಟಿಸಿದ್ದನಂತೆ, ಏನೂ ಮಾತಾಡದೆ. ಈಗ ಅವನು ಬೇರೆ ಊರಿನ ಲ್ಯಾಬಿನಲ್ಲಿ ಕೆಲಸ ಮಾಡುತ್ತಾನೆ. ಹಬ್ಬಕ್ಕೆ ಕಂಪ್ಲಿಗೆ ಬರುತ್ತಾನೆ, ಅವ್ವನ ಜೊತೆ ನಗುತ್ತಾನೆ. ನಾನು ಬಡಿಸಿದರೆ ಉಣ್ಣುತ್ತಾನೆ. ಕೆಲಸದ ಮಾತು ಮಾತ್ರ ನನ್ನ ಮುಂದೆ ಎತ್ತುವುದಿಲ್ಲ. ಅವ್ವನಿಗೆ ಇದೊಂದೂ ಗೊತ್ತಿಲ್ಲ. ತನ್ನ ಅಕ್ಕಿ ಡಬ್ಬಿಯಲ್ಲಿ ಅವಳು ಈಗಲೂ ಹಿಡಿ ಉಳಿಸುತ್ತಾಳೆ, ಅದರಲ್ಲಿ ಕೆಟ್ಟದ್ದೇನೂ ಇಲ್ಲ.

ಕಳೆದ ವರ್ಷ ಅವನ ಪಿಎಚ್.ಡಿ. ಪ್ರಬಂಧ ಮೇಡಂ ಮೇಜಿಗೆ ಬಂತು. ದಪ್ಪ ಪುಸ್ತಕ, ಇಂಗ್ಲಿಷಿನಲ್ಲಿ. ಹದಿನಾಲ್ಕನೇ ಬ್ಯಾಚಿನ ಪುಟ ಎಲ್ಲಿದೆ ಎಂದು ನಸ್ರೀನಳನ್ನು ಕೇಳಿ, ಓದಿ ಕನ್ನಡದಲ್ಲಿ ಹೇಳು ಎಂದೆ. ಅವಳು ಮೊದಲು ಮನಸ್ಸಿನಲ್ಲೇ ಓದಿಕೊಂಡಳು. "ಬ್ಯಾಡ ಬಿಡ್ರಿ ಗಂಗಕ್ಕ" ಎಂದಳು. ನಾನು ಬಿಡಲಿಲ್ಲ.

"ಡಬ್ಬಿಯನ್ನು ತೊಳೆದ ಮೇಲೆ, ಹಿಂದಿನ ಕೋಬಾಲ್ಟ್ ಪುಡಿಯಲ್ಲಿ ಸುಮಾರು ಹದಿನೆಂಟು ಗ್ರಾಂ ಅನ್ನು ಒಬ್ಬ ಆಪರೇಟರ್ ಅದಕ್ಕೆ ವಾಪಸ್ ಹಾಕಿದ್ದರು. ಇದನ್ನು ಲಾಗ್ ಪುಸ್ತಕದಲ್ಲಿ ಬರೆದಿರಲಿಲ್ಲ, ಕೇಳಿದಾಗಲೂ ತಿಳಿಸಲಿಲ್ಲ."

ಇಷ್ಟೇ. ಬಂದವರಿಗೆಲ್ಲ 'ನಮ್ಮಕ್ಕ' ಎಂದು ತೋರಿಸುತ್ತಿದ್ದವನ ಪುಸ್ತಕದಲ್ಲಿ ನಾನು ಒಬ್ಬ ಆಪರೇಟರ್. ಇನ್ನೊಮ್ಮೆ ಓದಿಸಿ ಕೇಳಿದೆ. ಅದರಲ್ಲಿ ಒಂದಕ್ಷರ ಸುಳ್ಳಿಲ್ಲ. ಮೇಡಂ ಮುಂದೆ ನಾನು ಹೇಳಿದ ಮಾತಿನಲ್ಲೂ ಸುಳ್ಳಿರಲಿಲ್ಲ. ವ್ಯತ್ಯಾಸ ಇಷ್ಟೇ: ಅವನು ಏನನ್ನೂ ಬಿಟ್ಟಿಲ್ಲ.

ಈ ಕೆಲಸ ನನಗೆ ಕಲಿಸಿದ್ದೂ ಅದನ್ನೇ. ಮಾಡಬೇಕಾದದ್ದನ್ನು ಮಾಡಿದ್ದೇನೆ ಎಂದು ಬರೆದರೆ ಸಾಲದು. ಅದರ ಮೇಲೆ ನನ್ನ ಕೈ ಇನ್ನೇನು ಮಾಡಿತು ಎಂದೂ ಬರೆಯಬೇಕು. ಆ ಕೈಯನ್ನು ನಂಬಿ ಯಾರೋ ತಮ್ಮ ಹೆಸರು ಹಾಕುತ್ತಾರೆ. ಮೇಡಂ ನನ್ನನ್ನು ಶೆಡ್ಡಿಗೆ ಕಳಿಸಲಿಲ್ಲ. ಲಾಗ್ ಪುಸ್ತಕದಲ್ಲಿ 'ಡಬ್ಬಿ ತೊಳೆದಿದೆ' ಎಂಬ ಕಾಲಮ್ಮಿನ ಪಕ್ಕ ನಾನೇ ಸ್ಕೇಲು ಹಿಡಿದು ಇನ್ನೊಂದು ಗೆರೆ ಎಳೆದಿದ್ದೇನೆ, 'ತೊಳೆದ ಮೇಲೆ ಹಾಕಿದ್ದು' ಎಂದು. ತೊಳೆದ ಡಬ್ಬಿಯನ್ನು ಬಿಳಿ ಹಾಳೆಯ ಮೇಲೆ ಬೋರಲು ಹಾಕಿ ಮೂರು ಸಲ ತಟ್ಟುತ್ತೇನೆ. ಏನೂ ಬೀಳುವುದಿಲ್ಲ. ಆಮೇಲೆ ಆ ಕಾಲಮ್ಮಿನಲ್ಲಿ ಸೊನ್ನೆ ಬರೆದು, ನಸ್ರೀನಳನ್ನು ಕರೆದು ಹಾಳೆ ತೋರಿಸಿ, ಅವಳ ರುಜು ಹಾಕಿಸಿಕೊಳ್ಳುತ್ತೇನೆ. ನನ್ನದೊಂದೇ ರುಜು ಸಾಕು ಎಂದು ಎದ್ದು ನಿಂತು ಹೇಳುವವನು ಈಗ ಆ ಕೋಣೆಯಲ್ಲಿ ಇಲ್ಲ.